ಬದಿಯಡ್ಕದ ಈ ಲ್ಯಾಬಿನವರಿಗೆ ರಕ್ತ ತೆಗೆಯೋದು ಸರಿಯಾಗಿ ಗೊತ್ತುಂಟು
ಮಳೆಗಾಲದಲ್ಲಿ ನಮ್ಮ ಕಡೆ ಯಾರಿಗೆ ಜ್ವರ ಬಂದ್ರೂ ಮೊದಲು ಕೇಳೋದು ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಪ್ಲೇಟ್‌ಲೆಟ್ ಎಷ್ಟುಂಟು ಅಂತ. ಅಪ್ಪನಿಗೆ ಬೇರೆ ಕಡೆ ಮಾಡಿಸಿದ ರಿಪೋರ್ಟಲ್ಲಿ 38,000 ಬಂತು, 1.5ರಿಂದ 4.5 ಲಕ್ಷ ಇರ್ಬೇಕಾದ್ದು, ಮನೆಯವರೆಲ್ಲ ತಲಪಾಡಿ ದಾಟಿ ಮಂಗಳೂರಲ್ಲಿ ಅಡ್ಮಿಟ್ ಮಾಡುವ ಅಂತ ಹೊರಟಾಗಿತ್ತು. ಡಾಕ್ಟ್ರು ಮಾತ್ರ ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ, ವಸಡಲ್ಲಿ ರಕ್ತ ಇಲ್ಲ, ಇನ್ನೊಮ್ಮೆ ನೋಡುವ ಹೇಳಿ ಇಲ್ಲಿಗೆ ಕಳ್ಸಿದ್ರು.

ಇಲ್ಲಿಯ ಟೆಕ್ನಿಷಿಯನ್ ಅಕ್ಕ ಮೆಷಿನ್ ನಂಬರ್ ಕೊಟ್ಟು ಸುಮ್ನೆ ಕೂರ್ಲಿಲ್ಲ, ಸ್ಮಿಯರ್ ಮಾಡಿ, ಅಂದ್ರೆ ಒಂದು ಹನಿ ರಕ್ತ ಗಾಜಿನ ಮೇಲೆ ತೆಳ್ಳಗೆ ಸವರಿ, ಮೈಕ್ರೋಸ್ಕೋಪಲ್ಲಿ ನನಗೂ ತೋರಿಸಿದ್ರು. ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ವು, ಕೆಲವು ಬಿಳಿ ರಕ್ತಕಣದ ಸುತ್ತ ಕೂಡ. ಮೆಷಿನಿಗೆ ಆ ಇಡೀ ಗುಂಪು ಒಂದೇ ಕಣ, ಕೆಲವೊಮ್ಮೆ ಬಿಳಿ ಕಣದ ಲೆಕ್ಕಕ್ಕೂ ಸೇರಿಬಿಡ್ತದಂತೆ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರುವ ಇಡಿಟಿಎ ಅನ್ನೋ ಮದ್ದಿನಿಂದ ಕೆಲವರ ರಕ್ತ ಹೀಗೆ ಗಂಟು ಕಟ್ತದೆ, ಕಾಯಿಲೆ ಏನಲ್ಲ ಅಂದ್ರು. ನೀಲಿ ಮುಚ್ಚಳದ, ಅದೇ ಕೆಲಸದ ಬೇರೆ ಮದ್ದು ಸಿಟ್ರೇಟ್ ಇರುವ ಟ್ಯೂಬಲ್ಲಿ ಮತ್ತೆ ತೆಗೆದ್ರು, 1.7 ಲಕ್ಷ, ಸಿಟ್ರೇಟ್ ನೀರು ಬೆರೆತದ್ದಕ್ಕೆ 1.1ರಿಂದ ಗುಣಿಸಿ 1.87 ಲಕ್ಷ!

ಅವರು ರಕ್ತ ತೆಗೆಯೋ ಕ್ರಮವೇ ಚೆಂದ. ರಕ್ತ ಬಂದ ಕೂಡ್ಲೆ ತೋಳಿನ ಪಟ್ಟಿ ಸಡಿಲ ಮಾಡ್ತಾರೆ, ಸಿರಿಂಜ್ ಜೋರಾಗಿ ಎಳೆಯೋದಿಲ್ಲ, ಟ್ಯೂಬನ್ನು ಕುಲುಕದೆ ಮೆಲ್ಲ ಎಂಟು ಹತ್ತು ಸಲ ಮಗುಚ್ತಾರೆ. ಮೈಯೊಳಗೂ ಹೀಗೆ ಅಂಟ್ತದಾ ಅಂತ ಕೇಳಿದ್ದಕ್ಕೆ, ಅದು ಹರಿವಿನ ಮೇಲೆ ಉಂಟು ಅಂದ್ರು. ಕೊಬ್ಬು ಕಟ್ಟಿ ಸಪೂರ ಆದ ಧಮನಿಯಲ್ಲಿ ರಕ್ತ ರಭಸವಾಗಿ ಉಜ್ಜಿಕೊಂಡು ಹೋಗುವಾಗ ವಾನ್ ವಿಲ್ಲೆಬ್ರಾಂಡ್ ಅನ್ನೋ ಪ್ರೋಟೀನ್ ಸುತ್ತಿಟ್ಟ ಹಗ್ಗ ಬಿಚ್ಚಿದ ಹಾಗೆ ಉದ್ದಕ್ಕೆ ಎಳೆದುಕೊಳ್ತದೆ, ಪ್ಲೇಟ್‌ಲೆಟ್ ಅದನ್ನು ಹಿಡ್ಕೊಂಡು ಅಲ್ಲೇ ನಿಲ್ತವೆ. ಕಾಲಿನ ಸಿರೆಯಲ್ಲಿ ಕಥೆ ಉಲ್ಟಾ, ಹರಿವು ನಿಧಾನ ಆದಾಗ ಬಿಳಿ ಕಣಗಳು ಗೋಡೆ ಮೇಲೆ ಉರುಳ್ತಾ ನಿಂತು ಪ್ಲೇಟ್‌ಲೆಟ್ ಜೊತೆ ಅಂಟ್ತವೆ, ತುಂಬ ದಿನ ಮಲಗಿದಲ್ಲೇ ಇದ್ದವರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದಕ್ಕೆ ಅದೂ ಒಂದು ಕಾರಣ. ಇಷ್ಟು ಬಿಡಿಸಿ ಹೇಳುವವರು ಎಲ್ಲಿ ಸಿಗ್ತಾರೆ ಮಾರಾಯ್ರೆ.

ಕೂರ್ಲಿಕ್ಕೆ ಜಾಗ ಕಮ್ಮಿ, ಬೋರ್ಡ್ ಮಲಯಾಳದಲ್ಲಿ ಮಾತ್ರ, ಒಳಗೆ ಕನ್ನಡ ತುಳು ಎರಡೂ ನಡೀತದೆ. ಪ್ಲೇಟ್‌ಲೆಟ್ ಇದ್ದಕ್ಕಿದ್ದ ಹಾಗೆ ಕಮ್ಮಿ ಬಂದ್ರೆ ಡಾಕ್ಟ್ರ ಹತ್ರ ಸ್ಮಿಯರ್ ನೋಡಿಸ್ಬೇಕಾ ಅಂತ ಖಂಡಿತ ಕೇಳಿ. ಅಪ್ಪನ ರಿಪೋರ್ಟಿನ ಕೆಳಗೆ ಇವರ ರಕ್ತ ಸಿಟ್ರೇಟಲ್ಲೇ ತೆಗೆಯಿರಿ ಅಂತ ಕೈಯಲ್ಲೇ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ.