ಸ್ಪ್ರಿಂಕ್ಲರ್ ನೀರಿನ ಕಲೆಗೆ ಸೆರಾಮಿಕ್ ಕೋಟಿಂಗ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಪಾಡಲು ಅದರ ಮೇಲೆ ಹಚ್ಚುವ ತೆಳು, ಗಟ್ಟಿ ಪದರ) ಹಾಕಿಸಿದರೆ ಕಾರಿನ ಮೇಲೆ ನೀರಿನ ಕಲೆ ಕೂರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೂರುತ್ತದೆ. ಕೆಲವು ಸಲ ಕೋಟಿಂಗ್ ಇಲ್ಲದ ಕಾರಿಗಿಂತ ಎದ್ದು ಕಾಣುವ ಹಾಗೆ ಕೂರುತ್ತದೆ. ಹಾಗಂತ ಹಾಕಿಸಿದ ದುಡ್ಡು ದಂಡ ಅಂತಲೂ ನಾನು ಹೇಳುವುದಿಲ್ಲ.

ನನ್ನ ಕಾರು ಕಪ್ಪು. ನಿಲ್ಲುವುದು ಬಯಲಲ್ಲಿ, ಪಕ್ಕದಲ್ಲೇ ಹುಲ್ಲುಹಾಸು. ಬೆಳಗಿನ ಜಾವ ಟೈಮರ್ ಪ್ರಕಾರ ಸ್ಪ್ರಿಂಕ್ಲರ್ ಶುರುವಾಗುತ್ತದೆ. ಗಾಳಿ ಸ್ವಲ್ಪ ಈ ಕಡೆ ತಿರುಗಿದರೆ ಸಾಕು, ಬಾನೆಟ್ಟಿಗೂ ಒಂದು ಪಕ್ಕದ ಬಾಗಿಲುಗಳಿಗೂ ಪುಕ್ಕಟೆ ಸ್ನಾನ. ನೀರು ಒಳ್ಳೇ ಗಡಸು. ಟಿಡಿಎಸ್ ಮೀಟರ್ ಅದ್ದಿದರೆ 400 ದಾಟುತ್ತದೆ. ಅಂದರೆ ಒಂದು ಲೀಟರ್ ನೀರು ಆರಿದರೆ 400 ಮಿಲಿಗ್ರಾಂಗಿಂತ ಜಾಸ್ತಿ ಉಪ್ಪು, ಸುಣ್ಣದಂಥದ್ದು ಹಿಂದೆ ಉಳಿಯುತ್ತದೆ. ಟಿಡಿಎಸ್ ಪೂರ್ತಿ ಗಡಸುತನ ಅಲ್ಲ, ಅದು ನಿಜ. ಗಡಸುತನಕ್ಕೆ ಲೆಕ್ಕ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಅದು ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು ನೀರು ಅನ್ನುತ್ತಾರೆ. ಆದರೆ ಮೀಟರ್ ನೋಡಿದರೆ ಒಂದು ಅಂದಾಜು ಸಿಗುತ್ತದೆ, ಅಷ್ಟು ಸಾಕು.

ಇದಕ್ಕೂ ಮೊದಲು ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ತಾಳೆ ಎಲೆಯ ಮೇಣ) ಹಚ್ಚುತ್ತಿದ್ದೆ. ಹೊಳಪಿನ ವಿಷಯದಲ್ಲಿ ಅದಕ್ಕೆ ಈಗಲೂ ನನ್ನ ಪೂರ್ತಿ ಅಂಕ. ಆದರೆ ಬಿಸಿಲಿಗೆ, ಶಾಂಪೂವಿಗೆ ಕೆಲವೇ ವಾರ ತಡೆಯುತ್ತಿತ್ತು, ಅಷ್ಟೇ. ಬೇಜಾರಾಗಿ, ಪೇಂಟ್ ಪಾಲಿಶ್ ಮಾಡಿಸಿ ಅದರ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿಸಿದೆ.

ಮೊದಲ ಕೆಲವು ತಿಂಗಳು ನೋಡಲು ಹಬ್ಬ. ನೀರು ಬಿದ್ದರೆ ಗುಂಡಗೆ ಹನಿಗಟ್ಟಿ ಜಾರಿ ಹೋಗುತ್ತದೆ. ವೀಡಿಯೋಗಳಲ್ಲಿ ತೋರಿಸುವುದೂ ಇದನ್ನೇ ಅಲ್ವಾ. ಆದರೆ ಅವರು ತೋರಿಸುವುದು ಪೈಪಿನಿಂದ ಜೋರಾಗಿ ಬಿಟ್ಟ ನೀರು. ಸ್ಪ್ರಿಂಕ್ಲರ್ ಹಾಗೆ ಸುರಿಯುವುದಿಲ್ಲ, ಸಿಂಪಡಿಸುತ್ತದೆ. ಜಾರಿ ಹೋಗುವಷ್ಟು ತೂಕ ಆ ಸಣ್ಣ ಹನಿಗಳಿಗೆ ಇರುವುದಿಲ್ಲ. ಬಾನೆಟ್ ಹೆಚ್ಚುಕಮ್ಮಿ ಚಪ್ಪಟೆ. ಅಲ್ಲೇ ಕೂರುತ್ತವೆ, ಅಲ್ಲೇ ಆರುತ್ತವೆ.

ಒಂದು ಹನಿ ಆರುವುದನ್ನು ಹತ್ತಿರದಿಂದ ನೋಡಿದರೆ ಎಲ್ಲ ಅರ್ಥವಾಗುತ್ತದೆ. ಮೊದಲು ಅಂಚು ಆರುತ್ತದೆ. ಆರಿದ ಅಂಚಿನ ಕಡೆಗೆ ಒಳಗಿನ ನೀರು ಹರಿಯುತ್ತದೆ, ಕರಗಿರುವುದನ್ನೆಲ್ಲ ಜೊತೆಗೆ ಎಳೆದುಕೊಂಡು. ಕೊನೆಗೆ ಉಳಿಯುವುದು ಒಂದು ಬಿಳಿ ಬಳೆ, ನಡುವೆ ಖಾಲಿ. ಚೆಲ್ಲಿದ ಕಾಫಿ ಆರಿದಾಗ ಅಂಚು ಮಾತ್ರ ಗಾಢವಾಗುತ್ತದಲ್ಲ, ಅದೇ ಲೆಕ್ಕ. ಕೋಟಿಂಗ್ ಇಲ್ಲದ ಹಳೇ ಪೇಂಟಿನ ಮೇಲೆ ನೀರು ತೆಳ್ಳಗೆ ಹರಡಿಕೊಂಡು ಆರುತ್ತದೆ, ಅಲ್ಲಿ ಕಾಣುವುದು ಮಸುಕು ಮಸುಕಾದ ಪೊರೆ. ಕೋಟಿಂಗ್ ಮೇಲೆ ಅದೇ ಸುಣ್ಣ ಒಂದೊಂದು ಹನಿಯ ಜಾಗದಲ್ಲಿ ಗುಪ್ಪೆಯಾಗುತ್ತದೆ. ಕಲೆ ಎದ್ದು ಕಾಣುವುದು ಅದಕ್ಕೇ.

ಹನಿ ಭೂತಗನ್ನಡಿಯ ಹಾಗೆ ಬಿಸಿಲನ್ನು ಕೂಡಿಸಿ ಪೇಂಟ್ ಸುಡುತ್ತದೆ ಅಂತ ಒಂದು ಮಾತಿದೆ. ಅದನ್ನು ಪಕ್ಕಕ್ಕಿಡಿ. ಹನಿ ಪೇಂಟಿಗೆ ತಾಗಿಕೊಂಡೇ ಕೂತಿರುತ್ತದೆ, ಬೆಳಕು ಒಂದೇ ಚುಕ್ಕೆಗೆ ಸೇರಲು ಬೇಕಾದ ದೂರವೇ ಅಲ್ಲಿಲ್ಲ. ಕೆಡಿಸುವುದು ಎರಡು ಸಂಗತಿ. ಹನಿ ಕುಗ್ಗುತ್ತಾ ಹೋದಂತೆ ಅದರೊಳಗಿನ ಲವಣ ಗಾಢವಾಗುವುದು ಒಂದು, ಕಾದ ಲೋಹ ಇನ್ನೊಂದು. ಕಪ್ಪು ಬಾನೆಟ್ ಸುಡುಬಿಸಿಲಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ಮಾತಲ್ಲ.

ಇನ್ನು ಆ 9ಎಚ್ ಕಥೆ. ಕೋಟಿಂಗ್ ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದು ಪೆನ್ಸಿಲ್ ಗಡಸುತನದ ಅಳತೆ. ಪೆನ್ಸಿಲ್ ಮೊನೆಯಿಂದ ಗೀರಿದರೆ ಗೆರೆ ಬೀಳುತ್ತದೋ ಇಲ್ಲವೋ ಅನ್ನುವ ಪರೀಕ್ಷೆ, ಅಷ್ಟೇ. ವಜ್ರಕ್ಕೆ 10 ಕೊಡುವ ಮೋಸ್ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ನೀರಿನ ಕಲೆಗಂತೂ ಮೊದಲೇ ಇಲ್ಲ.

ಹಾಗಾದರೆ ಕೋಟಿಂಗಿನಿಂದ ಏನು ಲಾಭ? ತೆಗೆಯುವುದು ಸುಲಭ. ನನಗೆ ಸಿಕ್ಕಿದ್ದು ಇದೊಂದೇ, ಆದರೆ ಇದು ಸಣ್ಣದಲ್ಲ. ವ್ಯಾಕ್ಸ್ ಇದ್ದಾಗ ಬಿಸಿಲಿಗೆ ಕಾದ ಕಲೆ ಶಾಂಪೂವಿಗೆ ಜಗ್ಗುತ್ತಿರಲಿಲ್ಲ, ಪಾಲಿಶ್ ಮಾಡಲೇಬೇಕಿತ್ತು. ಪಾಲಿಶ್ ಅಂದರೆ ಕ್ಲಿಯರ್‌ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಸವೆಸುವುದು. ಅದು ಇರುವುದೇ ಸುಮಾರು 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್) ದಪ್ಪ, ಎಷ್ಟು ಸಲ ಸವೆಸುತ್ತೀರಿ? ಈಗ ಅದೇ ದಿನ ಕಂಡ ಕಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಗೇ ಬಿಡುತ್ತದೆ. ಎರಡು ಮೂರು ದಿನ ಕೂತಿದ್ದರೆ ವಿನೆಗರ್ ಬೇಕು.

ವಿನೆಗರ್ ಹಾಕುವ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು. ಅಡುಗೆಗೆ ಬಳಸುವ ಬಿಳಿ ವಿನೆಗರ್, ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್. ಕಾರು ನೆರಳಲ್ಲಿರಬೇಕು, ಬಾನೆಟ್ ಕೈಗೆ ತಣ್ಣಗಿರಬೇಕು. ಧೂಳಿದ್ದರೆ ಮೊದಲು ತೊಳೆದುಕೊಳ್ಳಿ, ಇಲ್ಲದಿದ್ದರೆ ಆ ಧೂಳೇ ಗೀರು ಎಳೆಯುತ್ತದೆ. ಬಟ್ಟೆ ನೆನೆಸಿ ಕಲೆಯ ಮೇಲೆ ಸುಮ್ನೆ ಹಾಸಿ, ಒಂದೆರಡು ನಿಮಿಷ ಬಿಡಿ, ಉಜ್ಜಬೇಡಿ. ಕಲೆ ಕ್ಯಾಲ್ಸಿಯಂ ಕಾರ್ಬನೇಟ್ ಆಗಿದ್ದರೆ ಆಮ್ಲಕ್ಕೆ ಕರಗುತ್ತದೆ. ದಪ್ಪಗಿದ್ದ ಕಡೆ ಸಣ್ಣ ಗುಳ್ಳೆ ಏಳುವುದೂ ಕಾಣುತ್ತದೆ. ಆಮೇಲೆ ಬೆರಳು ಆಡಿಸಿದರೆ ಮೊದಲಿದ್ದ ಮರಳು ಮರಳು ಹೋಗಿ ನುಣ್ಣಗೆ ಸಿಗುತ್ತದೆ. ಅಲ್ಲೇ ಆರಲು ಬಿಡದೆ ಚೆನ್ನಾಗಿ ತೊಳೆದು ಒರೆಸಿ. ಪೇಂಟ್ ಎದ್ದು ತಗಡು ಕಾಣುವ ಜಾಗಕ್ಕೆ ಮಾತ್ರ ತಾಗಿಸಬೇಡಿ, ತುಕ್ಕಿಗೆ ಆಹ್ವಾನ ಕೊಟ್ಟ ಹಾಗೆ.

ನೀರಿನಲ್ಲಿ ಸಿಲಿಕಾ ಜಾಸ್ತಿ ಇದ್ದರೆ ವಿನೆಗರ್ ಕೈಕೊಡುತ್ತದೆ. ಸಿಲಿಕಾ ಅದಕ್ಕೆ ಕರಗುವುದಿಲ್ಲ, ಪಾಲಿಶ್ ಒಂದೇ ದಾರಿ. ಕಂದು ಛಾಯೆಯ ಕಲೆಯಾದರೆ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು, ಅದಕ್ಕೆ ಬೇರೆಯೇ ಔಷಧ.

ಕೋಟಿಂಗ್ ಸೋತದ್ದೂ ಇದೆ. ಬೇಸಿಗೆಯಲ್ಲಿ ಕೆಲಸದ ಮೇಲೆ ಹೊರಗೆ ಹೋಗಿ ಬರುವಷ್ಟರಲ್ಲಿ ಕಾರು ಒಂದು ವಾರ ಅಲ್ಲೇ ನಿಂತಿತ್ತು. ಬೆಳಗ್ಗೆ ನೀರು, ಮಧ್ಯಾಹ್ನ ಸುಡುಬಿಸಿಲು, ಮರುದಿನ ಅದೇ ಜಾಗಕ್ಕೆ ಮತ್ತೆ ನೀರು. ವಿನೆಗರಿಗೆ ಬಿಳಿ ಹೋಯಿತು, ಆದರೆ ಟಾರ್ಚ್ ಓರೆಯಾಗಿ ಹಿಡಿದರೆ ಉಂಗುರದ ಆಕಾರ ಹಾಗೇ ಕಾಣುತ್ತಿತ್ತು. ಮೇಲ್ಮೈಯೇ ಕೊರೆದುಹೋಗಿತ್ತು. ಕೋಟಿಂಗ್ ದಪ್ಪವೇ ಒಂದೆರಡು ಮೈಕ್ರಾನ್, ಎಷ್ಟಂತ ತಡೆದೀತು! ಬಾನೆಟ್ಟನ್ನು ಹಗುರವಾಗಿ ಪಾಲಿಶ್ ಮಾಡಿಸಿ ಅಷ್ಟು ಭಾಗಕ್ಕೆ ಹೊಸದಾಗಿ ಕೋಟಿಂಗ್ ಹಾಕಿಸಬೇಕಾಯಿತು. ವಾರಂಟಿ ಕಾಗದ ತೆಗೆದು ನೋಡಿದರೆ ನೀರಿನ ಕಲೆ ಅದರಲ್ಲಿ ಸೇರಿಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು. ಹಾಕಿಸುವ ಮುಂಚೆ ಆ ಸಾಲು ಹುಡುಕಿ ಓದಿ.

ವರ್ಷ ದಾಟುತ್ತಿದ್ದಂತೆ ಬಾಗಿಲುಗಳ ಮೇಲೆ ನೀರು ಹನಿಗಟ್ಟುವುದು ನಿಂತಿತು. ಕೋಟಿಂಗ್ ಸತ್ತಿತು, ಹೊಸದು ಹಾಕಿಸಿ ಅಂತ ಸಲಹೆ ಬಂತು. ಹಾಕಿಸಲಿಲ್ಲ. ಅದೇ ವಿನೆಗರ್ ನೀರಿನಿಂದ ಒರೆಸಿ ತೊಳೆದ ಮೇಲೆ ಮುಕ್ಕಾಲು ಭಾಗ ಹನಿಗಟ್ಟುವಿಕೆ ವಾಪಸ್ ಬಂತು. ಕಣ್ಣಿಗೆ ಕಾಣದ ಸುಣ್ಣದ ಪದರ ಕೋಟಿಂಗನ್ನು ಮುಚ್ಚಿತ್ತು, ಅಷ್ಟೇ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ನೋಡಿ.

ಬೇರೆ ದಾರಿಗಳ ಬಗ್ಗೆ ಎರಡು ಮಾತು. ಕವರ್ ಹಾಕಿ ನೋಡಿದೆ. ಒದ್ದೆ ಕವರ್ ಒಳಗೆ ತೇವ ಹಿಡಿಯುತ್ತದೆ, ಗಾಳಿಗೆ ಅಲ್ಲಾಡಿ ಧೂಳಿನ ಜೊತೆ ಉಜ್ಜುತ್ತದೆ. ಕಪ್ಪು ಕಾರಿಗೆ ಬೇಡವೇ ಬೇಡ. ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ದಪ್ಪ ಚೆನ್ನಾಗಿದೆ, ಸುಮಾರು 150–200 ಮೈಕ್ರಾನ್. ಪೇಂಟ್ ಉಳಿಯುತ್ತದೆ, ಆದರೆ ಕಲೆ ಫಿಲ್ಮ್ ಮೇಲೂ ಕೂರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕಾರಿಗೆ ಹಚ್ಚಿದ್ದಲ್ಲ, ಒಂದು ಸ್ಕ್ರೂಡ್ರೈವರ್. ಬಹಳಷ್ಟು ಸ್ಪ್ರಿಂಕ್ಲರ್ ತಲೆಗಳ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ತಿರುಗಿಸಿದರೆ ನೀರು ಹಾರುವ ದೂರ ಕಡಿಮೆಯಾಗುತ್ತದೆ. ನೀರು ತಿರುಗುವ ಕೋನವನ್ನೂ ಬದಲಿಸಬಹುದು. ಒತ್ತಡ ಜಾಸ್ತಿ ಇದ್ದರೆ ನೀರು ಮಂಜಿನ ಹಾಗೆ ಒಡೆದು ಗಾಳಿಗೆ ತೇಲುತ್ತದೆ, ಆ ಒತ್ತಡವನ್ನೂ ಕಡಿಮೆ ಮಾಡಿಸಿದೆ. ಈಗ ಗಾಳಿ ಜೋರಿದ್ದ ದಿನ ಮಾತ್ರ ನಾಲ್ಕು ಹನಿ ಬೀಳುತ್ತವೆ. ಡಿಕ್ಕಿಯಲ್ಲಿ ಒಂದು ಸ್ಪ್ರೇ ಬಾಟಲಿ ಡಿಸ್ಟಿಲ್ಡ್ ವಾಟರ್, ಎರಡು ಬಟ್ಟೆ ಇಟ್ಟುಕೊಂಡಿದ್ದೇನೆ. ಹೊರಡುವ ಮುಂಚೆ ಬಾನೆಟ್ ಒರೆಸುವುದಕ್ಕೆ ಅಷ್ಟು ಸಾಕು.

ಗಾಜಿಗೆ ಕೋಟಿಂಗ್ ಹಾಕಿಸಿರಲಿಲ್ಲ. ಕಿಟಕಿ ಗಾಜಿನ ಹಳೇ ಕಲೆಗಳು ವಿನೆಗರಿಗೂ ಹೋಗದೆ ಸೀರಿಯಂ ಆಕ್ಸೈಡ್ (ಗಾಜು ಉಜ್ಜುವ ನುಣ್ಣನೆ ಪುಡಿ) ಪಾಲಿಶ್‌ವರೆಗೂ ಹೋಗಬೇಕಾಯಿತು, ಬಹಳ ನಿಧಾನದ ಕೆಲಸ. ಈ ಕೋಟಿಂಗ್ ಪೂರ್ತಿ ಸವೆದ ಮೇಲೆ ಇಡೀ ಕಾರಿಗೆ ಮತ್ತೆ ಹಾಕಿಸುವುದಿಲ್ಲ. ಬಾನೆಟ್, ರೂಫ್ ಮತ್ತು ಗಾಜುಗಳಿಗೆ ಕೋಟಿಂಗ್, ಉಳಿದದ್ದಕ್ಕೆ ನಾನೇ ಮನೆಯಲ್ಲಿ ಹಚ್ಚಿಕೊಳ್ಳುವ ಸ್ಪ್ರೇ ಸೀಲೆಂಟ್. ಐದಕ್ಕೆ ಮೂರೂವರೆ ಅಂಕ.