ಐದು ಕೋಟು, ಮೂರು ಪ್ಯಾಂಟು, ಒಂದು ಪೆನ್ಸಿಲ್

ನಮ್ಮ ಮನೆ ಬೀರುವಿನ ಬಾಗಿಲ ಒಳಗಡೆ ಪೆನ್ಸಿಲ್ ಗೆರೆಗಳಿವೆ. ಹಾಲಿನ ಲೆಕ್ಕದ ಹಾಗೆ, ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹೊಡೆದದ್ದು. ದೀಪಾವಳಿಯಿಂದ ಯುಗಾದಿವರೆಗೆ ಯಾವ ಕೋಟನ್ನು ಎಷ್ಟು ಸಲ ಹಾಕಿಕೊಂಡೆ ಅನ್ನುವ ಲೆಕ್ಕ ಅದು. ಒಟ್ಟು ಐದು ಕೋಟು. ಎಲ್ಲವೂ ಬೇರೆ ಬೇರೆ ವರ್ಷ, ಬೇರೆ ಬೇರೆ ಹುಮ್ಮಸ್ಸಿನಲ್ಲಿ ಮನೆಗೆ ಬಂದವು. ಯಾವುದೂ ಸೂಟಿನದಲ್ಲ. ಬೇರೆ ಪ್ಯಾಂಟಿನ ಮೇಲೆ ಹಾಕಿಕೊಳ್ಳುವ ಬಿಡಿ ಕೋಟುಗಳು. ನಮ್ಮೂರಲ್ಲಿ ಇಂಥದ್ದಕ್ಕೆಲ್ಲ ಒಟ್ಟಿಗೆ ಬ್ಲೇಜರ್ ಅಂದುಬಿಡುತ್ತೇವೆ.

ಲೆಕ್ಕ ಶುರುವಾದದ್ದು ಹೆಂಡತಿಯ ಒಂದು ಮಾತಿನಿಂದ. ಆರನೆಯ ಕೋಟಿಗೆ ಬಟ್ಟೆ ನೋಡೋಣ ಅಂದಾಗ ಅವಳು, "ಇರೋದ್ರಲ್ಲಿ ಯಾವುದು ಹಾಕ್ಕೋತೀರಾ ಅಂತ ಮೊದಲು ಹೇಳಿ ನೋಡೋಣ" ಅಂದಳು. ಉತ್ತರ ಹೊಳೆಯಲಿಲ್ಲ. ಹಾಗಾಗಿ ಪರೀಕ್ಷೆ ಇಟ್ಟೆ. ಪ್ಯಾಂಟು ಮೂರೇ: ಬೂದು ಉಲ್ಲನ್, ಬಿಸ್ಕತ್ತು ಬಣ್ಣದ ಕಾಟನ್, ಕಡುನೀಲಿ ಜೀನ್ಸ್. ಊರು ಬೆಂಗಳೂರು. ನನ್ನ ಎತ್ತರ ಐದಡಿ ಐದಿಂಚು, ಮೈಬಣ್ಣ ಎಣ್ಣೆಗೆಂಪು. ಹೊಟ್ಟೆ ಈಗೀಗ ಮುಂದೆ ಬರುತ್ತಿದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಒಪ್ಪದೆ ಇದ್ದದ್ದು ನಿಮಗೆ ಒಪ್ಪಬಹುದು.

ಮೊದಲು ಎರಡು ನೇವಿ ಬ್ಲೂ ಕೋಟುಗಳ ಜಗಳ ಹೇಳಿಬಿಡುತ್ತೇನೆ. ಬಣ್ಣ ಹೆಚ್ಚುಕಮ್ಮಿ ಒಂದೇ. ಅಕ್ಕಪಕ್ಕ ನೇತುಹಾಕಿದರೆ ಅಮ್ಮನಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಆದರೆ ಒಂದಕ್ಕೆ ಬಿದ್ದ ಗೆರೆ 31, ಇನ್ನೊಂದಕ್ಕೆ 6.

ಆರು ಗೆರೆಯದ್ದು ಮೊದಲನೆಯದು. ನುಣುಪಾದ ವರ್ಸ್ಟೆಡ್ ಉಲ್ಲನ್, ಅಂದರೆ ಉಣ್ಣೆಯನ್ನು ಬಾಚಿ ಬಿಗಿಯಾಗಿ ನೂತ ಎಳೆಯದ್ದು. ಬಂಗಾರದ ಬಣ್ಣದ ಗುಂಡಿ. ಬಂಗಾರದ ಗುಂಡಿ ಇದ್ದರೇ ನಿಜವಾದ ಬ್ಲೇಜರ್ ಅಂತ ಎಲ್ಲೋ ಓದಿದ್ದೆ. ಅದನ್ನು ಹಾಕಿಕೊಂಡು ಹೋದ ಮೊದಲ ರಿಸೆಪ್ಷನ್ನಿನಲ್ಲಿ ಒಬ್ಬ ಹಿರಿಯರು ನನ್ನ ತೋಳು ಮುಟ್ಟಿ, "ಊಟದ ಹಾಲ್ ಯಾವ ಕಡೆ ಅಪ್ಪಾ?" ಎಂದು ಕೇಳಿದರು. ತೋರಿಸಿದೆ. ಇನ್ನಿಬ್ಬರು ಬಂದು ಕೇಳಿದ ಮೇಲೆ ವಿಷಯ ಗೊತ್ತಾಯಿತು. ನಮ್ಮಲ್ಲಿ ಆ ಉಡುಪು ಹೋಟೆಲ್ ಸಿಬ್ಬಂದಿಯದು, ಇಲ್ಲವೇ ಕಾನ್ವೆಂಟ್ ಶಾಲೆ ಮಕ್ಕಳದು. ಬ್ಲೇಜರ್ ಹುಟ್ಟಿದ್ದೇ ಹಾಗೆ ಅಲ್ವಾ? 19ನೇ ಶತಮಾನದಲ್ಲಿ ಕೇಂಬ್ರಿಜ್‌ನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ಬಿನ ಹುಡುಗರು ದೋಣಿ ಹುಟ್ಟು ಹಾಕುವಾಗ ಉರಿಗೆಂಪು ಕೋಟು ಹಾಕುತ್ತಿದ್ದರು. ತಂಡದ ಗುರುತು ಅದು. ನನಗೋ ಯಾವ ತಂಡವೂ ಇರಲಿಲ್ಲ.

ಗುಂಡಿ ತೆಗೆಸಿ ಕಂದು ಗುಂಡಿ ಹಾಕಿಸಿದೆ. ಹೋಟೆಲ್ ಕಳೆ ಹೋಯಿತು, ಬೇರೆ ಕಾಯಿಲೆ ಬಂತು. ಈಗ ಅದು ಪ್ಯಾಂಟು ಕಳೆದುಕೊಂಡ ಸೂಟಿನ ಕೋಟಿನ ಹಾಗೆ ಕಾಣುತ್ತದೆ. ಕಾರಣ ಬಣ್ಣವಲ್ಲ, ನುಣುಪು. ಆ ಬಟ್ಟೆಯನ್ನು ಮಾಡುವುದೇ ಸೂಟಿಗೆ. ಬೆಳಕು ಬಿದ್ದ ಕಡೆ ಸಣ್ಣಗೆ ಮಿನುಗುತ್ತದೆ, ಕೆಳಗೂ ಅದೇ ಬಟ್ಟೆ ಇರಲಿ ಅಂತ ಕಣ್ಣು ಬಯಸುತ್ತದೆ. ಬಿಸ್ಕತ್ತು ಬಣ್ಣದ ಕಾಟನ್ ಪ್ಯಾಂಟಿನ ಮೇಲಂತೂ ಎರಡೂ ಒಂದಕ್ಕೊಂದು ಮಾತು ಬಿಟ್ಟ ಹಾಗಿರುತ್ತವೆ.

ಎರಡನೆಯ ನೇವಿ ಹಾಪ್‌ಸ್ಯಾಕ್. ಹಾಸಿನಲ್ಲಿ ಎರಡೆರಡು ಎಳೆ, ಹೊಕ್ಕಿನಲ್ಲಿ ಎರಡೆರಡು ಎಳೆ, ಚಾಪೆ ಹೆಣೆದ ಹಾಗೆ. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಬುಟ್ಟಿ ಕಣ್ಣುಗಳು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಕಾಣುತ್ತವೆ, ಗಾಳಿ ಆಡುವುದು ಅಲ್ಲಿಂದ. ಮೀಟರಿಗೆ ಸುಮಾರು 260 ಗ್ರಾಂ ಬಟ್ಟೆ, ಬೆನ್ನಿಗೆ ಅರ್ಧ ಲೈನಿಂಗ್, ಮೇಲೆ ಹೊಲಿದ ಜೇಬು. ಮಾರ್ಚಿನಲ್ಲೂ ತಡೆಯುತ್ತದೆ. ಮುದ್ದೆ ಮಾಡಿ ಬ್ಯಾಗಿಗೆ ತುರುಕಿದರೂ ಸಂಜೆ ನೇತುಹಾಕಿದರೆ ಬೆಳಿಗ್ಗೆಗೆ ಸರಿಯಾಗುತ್ತದೆ. ದೋಷ ಇಲ್ಲವೆಂದಲ್ಲ. ನಾಯಿಯ ಉಗುರು, ಮೊಳೆ, ಬೈಕಿನ ಮಿರರ್ ಎಲ್ಲದಕ್ಕೂ ಎಳೆ ಸಿಕ್ಕಿಕೊಳ್ಳುತ್ತದೆ. ಕಡುನೀಲಿ ಜೀನ್ಸ್ ಮೇಲೆ ಹಾಕಿದರೆ ನೀಲಿಯ ಮೇಲೆ ನೀಲಿ, ಮೆಕ್ಯಾನಿಕ್ ಡ್ರೆಸ್ಸು. ಆದರೆ ಬೂದು, ಬಿಸ್ಕತ್ತು ಎರಡರ ಮೇಲೂ ಯೋಚನೆಯೇ ಬೇಡ.

ಬಣ್ಣ ಆರಿಸುವುದೇ ದೊಡ್ಡ ವಿಷಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಬಿಡಿ ಕೋಟಿಗೆ ಮೊದಲು ನೋಡಬೇಕಾದದ್ದು ನೇಯ್ಗೆ, ಬಣ್ಣ ಆಮೇಲೆ. ಇದನ್ನು ಕಲಿಸಿದ್ದು ಈ ಎರಡು ನೇವಿಗಳೇ.

ಇನ್ನು ಚೌಕಳಿ. ನನ್ನ ಬೂದು ಕೋಟು ಗ್ಲೆನ್ ಚೆಕ್. ಅಂಗಡಿಯವರು ಪ್ರಿನ್ಸ್ ಆಫ್ ವೇಲ್ಸ್ ಅನ್ನುತ್ತಾರೆ. ಗ್ಲೆನ್ ಅನ್ನುವ ಹೆಸರು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಪಕ್ಕದ ಗ್ಲೆನ್ ಅರ್ಕರ್ಟ್ ಕಣಿವೆಯಿಂದ ಬಂದದ್ದು. 19ನೇ ಶತಮಾನದಲ್ಲಿ ಅಲ್ಲಿನ ಜಮೀನ್ದಾರರ ಬೇಟೆ ಕಾಡು ಕಾಯುವವರ ಸಮವಸ್ತ್ರ. ಆಮೇಲೆ, 1936ರಲ್ಲಿ ಸಿಂಹಾಸನ ಬಿಟ್ಟ ಬ್ರಿಟನ್ನಿನ ರಾಜ ಎಂಟನೇ ಎಡ್ವರ್ಡ್, ಪ್ರಿನ್ಸ್ ಆಫ್ ವೇಲ್ಸ್ ಅಂದರೆ ಯುವರಾಜನಾಗಿದ್ದಾಗ ಇದನ್ನು ಹಾಕಿ ಹಾಕಿ ಶೋಕಿಯ ಬಟ್ಟೆ ಮಾಡಿದ. ಕಾವಲುಗಾರನ ಬಟ್ಟೆ ರಾಜನ ಮೈಮೇಲೆ ಬಂತು. ನಾನು ಬಂಗಾರದ ಗುಂಡಿ ಹಾಕಿ ಹೋಟೆಲ್ ಹುಡುಗನಾದೆ, ಇರಲಿ.

ಗ್ಲೆನ್ ಚೆಕ್ಕಿನ ಗಮ್ಮತ್ತು ದೂರದಲ್ಲಿದೆ. ಒಂದಡಿ ದೂರದಿಂದ ನೋಡಿದರೆ ಕಪ್ಪು ಬಿಳಿ ಎಳೆಗಳ ಜಾತ್ರೆ. ಹತ್ತಡಿ ಹಿಂದೆ ಸರಿದರೆ ಎಲ್ಲ ಕಲೆತು ತಣ್ಣಗಿನ ಬೂದು. ನನ್ನದರಲ್ಲಿ ಮೇಲಿಂದ ತೆಳು ನೀಲಿ ಗೆರೆಯೊಂದು ಹಾದುಹೋಗುತ್ತದೆ, ಅದು ಹುಡುಕಿದರೆ ಮಾತ್ರ ಕಾಣುತ್ತದೆ. ಆಫೀಸಿಗೆ ಹೇಳಿ ಮಾಡಿಸಿದ ಬಟ್ಟೆ ಅಂದುಕೊಂಡೆ. ಮೊದಲ ವಿಡಿಯೋ ಕಾಲ್‌ನಲ್ಲೇ ಮ್ಯಾನೇಜರ್, "ನಿಮ್ಮ ಕೋಟು ಕುಣೀತಿದೆ" ಅಂದರು. ತಮಾಷೆ ಅಂದುಕೊಂಡೆ. ಸ್ಕ್ರೀನಿನಲ್ಲಿ ನೋಡಿದರೆ ನಿಜವಾಗಿಯೂ ಎದೆಯ ಮೇಲೆ ಅಲೆಗಳು ಏಳುತ್ತಿವೆ. ಬಟ್ಟೆಯ ಸಣ್ಣ ಚೌಕಳಿ ಒಂದು ಜಾಲ, ಕ್ಯಾಮೆರಾದೊಳಗಿನ ಚುಕ್ಕಿಗಳ ಸಾಲು ಇನ್ನೊಂದು ಜಾಲ. ಎರಡೂ ಒಂದರ ಮೇಲೊಂದು ಕೂತಾಗ ಇಲ್ಲದ ಅಲೆಗಳು ಹುಟ್ಟುತ್ತವೆ. ಮ್ವಾರೆ ಅನ್ನುತ್ತಾರೆ. ಟಿವಿಯಲ್ಲಿ ಕೂರುವವರಿಗೆ ಸಣ್ಣ ಚೌಕಳಿ, ಸಣ್ಣ ಪಟ್ಟೆ ಬೇಡ ಅಂತ ಮೊದಲೇ ಹೇಳುವುದು ಇದಕ್ಕೇ.

ಮತ್ತೊಂದು ತೊಡಕು ಪ್ಯಾಂಟಿನದು. ಬೂದು ಕೋಟಿಗೆ ಬೂದು ಪ್ಯಾಂಟು ಹಾಕಿದರೆ, ಸೂಟು ಮಾಡಲು ಹೋಗಿ ಬಟ್ಟೆ ಸಾಲದೇ ಬಂದವನ ಹಾಗೆ ಕಾಣುತ್ತೇನೆ. ಒಂದೇ ಬಣ್ಣ ಅಕ್ಕಪಕ್ಕ ಇದ್ದೂ ಕೂಡದೆ ಹೋದರೆ ಕಣ್ಣಿಗೆ ಅದೊಂದೇ ಕಾಣುವುದು. ಅದರ ಬದಲು ಜೀನ್ಸ್ ಮೇಲೆ, ಒಳಗೆ ಬಿಳಿ ಅಂಗಿ, ಚೆನ್ನಾಗಿರುತ್ತದೆ. ಅಂಗಿ ಮಾತ್ರ ಸಾದಾ ಇರಬೇಕು. ಗೆರೆ ಅಂಗಿ ಹಾಕಿ ನೋಡಿದೆ, ಮಗಳು ತಲೆ ತಿರುಗುತ್ತೆ ಅಂದಳು. ಒಟ್ಟು 12 ಗೆರೆ.

ಈಗ ನನಗೆ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. ಆಫೀಸಿನ ಕೆಲಸಕ್ಕೆ ಎಡಿನ್‌ಬರೊಗೆ ಹೋದಾಗ ಗ್ರಾಸ್‌ಮಾರ್ಕೆಟ್ ಹತ್ತಿರದ ಹಳೆ ಬಟ್ಟೆ ಅಂಗಡಿಯಲ್ಲಿ 35 ಪೌಂಡಿಗೆ ಸಿಕ್ಕ ಹ್ಯಾರಿಸ್ ಟ್ವೀಡ್, ಒರಟು ಉಣ್ಣೆ ಬಟ್ಟೆಯ ಕೋಟು. ಕಾಫಿ ಪುಡಿ ಬಣ್ಣ, ಹೆರಿಂಗ್‌ಬೋನ್ ನೇಯ್ಗೆ, ಅಂದರೆ ಮೀನಿನ ಮುಳ್ಳಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗುವ ಸಾಲುಗಳು. ಯಾರೋ ಗಿಡ್ಡನೆಯ ಸ್ಕಾಟಿಷ್ ಮನುಷ್ಯ ತೊಟ್ಟು ಬಿಟ್ಟದ್ದು ಇರಬೇಕು, ತೋಳು ಕೂಡ ಸರಿಯಾಗಿತ್ತು.

ಈ ಬಟ್ಟೆಗೆ ಬ್ರಿಟನ್ನಿನಲ್ಲಿ ಕಾನೂನೇ ಇದೆ, 1993ರದ್ದು. ಸ್ಕಾಟ್ಲೆಂಡಿನ ಪಶ್ಚಿಮದ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಬಣ್ಣ ಹಾಕಿ ನೂತ ಉಣ್ಣೆ, ಅಲ್ಲಿನವರು ತಮ್ಮ ಮನೆಯಲ್ಲೇ ಕೂತು ನೇಯ್ದಿದ್ದರೆ ಮಾತ್ರ ಹ್ಯಾರಿಸ್ ಟ್ವೀಡ್ ಅನ್ನಬಹುದು. ನನಗೆ ಮುಖ್ಯವಾದದ್ದು ಬಣ್ಣ ಹಾಕುವ ರೀತಿ. ಅಲ್ಲಿ ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕುತ್ತಾರೆ. ಬೇರೆ ಬೇರೆ ಬಣ್ಣದ ಉಣ್ಣೆ ಕಲಸಿ ನೂಲುತ್ತಾರೆ. ಹಾಗಾಗಿ ಒಂದೇ ಎಳೆಯಲ್ಲಿ ನಾಲ್ಕಾರು ಬಣ್ಣ. ಬಿಸಿಲಲ್ಲಿ ನನ್ನ ಕೋಟಿನ ತೋಳನ್ನು ಕಣ್ಣಿನ ಹತ್ತಿರ ಹಿಡಿದರೆ ಅಲ್ಲಿ ಬರೀ ಕಂದು ಇಲ್ಲ. ತುಕ್ಕು ಕೆಂಪು, ಪಾಚಿ ಹಸಿರು, ಸಾಸಿವೆ ಹಳದಿ, ಎಲ್ಲೋ ಒಂದು ಚೂರು ನೀಲಿ. ಆ ಚೂರು ನೀಲಿಯಿಂದಲೇ ಜೀನ್ಸ್ ಜೊತೆ ಹೊಂದುತ್ತದೆ, ಹಳದಿಯಿಂದ ಬಿಸ್ಕತ್ತು ಪ್ಯಾಂಟಿನ ಜೊತೆ. ಬೂದು ಪ್ಯಾಂಟಿನ ಮೇಲಂತೂ ಕೇಳಲೇಬೇಡಿ. ಮೂರೂ ಪ್ಯಾಂಟಿಗೆ ಒಪ್ಪಿದ ಕೋಟು ಇದೊಂದೇ.

ಕಂದು ಮೈಗೆ ಕಂದು ಕೋಟು ಒಪ್ಪಲ್ಲ ಅನ್ನುವ ಮಾತನ್ನು ನೀವೂ ಕೇಳಿರಬಹುದು. ನಾನು ಒಪ್ಪುವುದಿಲ್ಲ. ಮೈಬಣ್ಣಕ್ಕೆ ತೀರಾ ಹತ್ತಿರದ ತಿಳಿಕಂದು ಹಾಕಿದರೆ ಮುಖ ಎಲ್ಲಿ ಮುಗಿದು ಕೋಟು ಎಲ್ಲಿ ಶುರು ಅಂತ ಗೊತ್ತಾಗುವುದಿಲ್ಲ, ಅದು ನಿಜ. ಎರಡು ಪಟ್ಟು ಕಡುವಾದದ್ದು ಹಾಕಿ ನೋಡಿ, ಮುಖ ಬೆಳಗುತ್ತದೆ. ಲಂಡನ್ನಿನ ಬ್ಯಾಂಕಿನವರಲ್ಲಿ 'ಪಟ್ಟಣದೊಳಗೆ ಕಂದು ಬೇಡ' ಅಂತ ಹಳೆಯ ಕಟ್ಟಳೆಯೊಂದಿತ್ತು. ಕಂದು ಹಳ್ಳಿಯ ಬಣ್ಣ, ಬೇಟೆಯ ಬಣ್ಣ. ನಮ್ಮಜ್ಜ ಹಾಸನದ ಕಡೆ ಮೇಷ್ಟರಾಗಿದ್ದವರು. ಕಚ್ಚೆಪಂಚೆಯ ಮೇಲೆ ಕಂದು ಕ್ಲೋಸ್ ಕೋಟು ಹಾಕುತ್ತಿದ್ದರು. ಇಡೀ ಹಳ್ಳಿಯಲ್ಲಿ ಪಟ್ಟಣದ ಕಳೆ ಇದ್ದದ್ದು ಅವರೊಬ್ಬರಿಗೇ.

ಅಮ್ಮನಿಗೆ ಮಾತ್ರ ನನ್ನ ಟ್ವೀಡ್ ಹಿಡಿಸಲಿಲ್ಲ. ಮುಟ್ಟಿ ನೋಡಿ, "ಏನೋ ಇದು, ಚಳ್ಳಕೆರೆ ಕಂಬಳಿ ಹೊಲಿಸಿಕೊಂಡು ಬಂದಿದ್ದೀಯಾ?" ಅಂದರು. ತಪ್ಪೇನಿಲ್ಲ. ಅದೇ ಒರಟು, ಮಳೆ ತಾಗಿದರೆ ಅದೇ ಕುರಿ ವಾಸನೆ. ಮೀಟರಿಗೆ 450 ಗ್ರಾಂ ಆಸುಪಾಸಿನ ತೂಕ. ಡಿಸೆಂಬರ್ ರಾತ್ರಿ ಹಿತ, ಫೆಬ್ರವರಿ ಮಧ್ಯಾಹ್ನ ಇಡ್ಲಿ ಪಾತ್ರೆ. ಗೆರೆ 14, ಅದರಲ್ಲಿ 11 ಸಂಕ್ರಾಂತಿಯೊಳಗೆ ಬಿದ್ದದ್ದು.

ಐದನೆಯದು ವಿಂಡೋಪೇನ್. ನೀಲಿ ಬಟ್ಟೆಯ ಮೇಲೆ ಕಿಟಕಿ ಸರಳಿನ ಹಾಗೆ ಬಿಳಿ ಗೆರೆಯ ದೊಡ್ಡ ಚೌಕ. ಇದರಲ್ಲಿ ನನ್ನ ತಪ್ಪೇ ಜಾಸ್ತಿ. ಅಂಗಡಿಯ ಸ್ಯಾಂಪಲ್ ಪುಸ್ತಕದಲ್ಲಿ ಅಂಗೈ ಅಗಲದ ತುಂಡು ನೋಡಿದೆ. ಅಷ್ಟರಲ್ಲಿ ಕಂಡದ್ದು ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ, ಅಷ್ಟೇ. ಆಹಾ ಎಷ್ಟು ಸೌಮ್ಯವಾಗಿದೆ ಅಂದುಕೊಂಡೆ. ಹೊಲಿದು ಬಂದ ಮೇಲೆ ಮೈತುಂಬಾ ಕಿಟಕಿ. ಗಿಡ್ಡ ಮೈಗೆ ಅಗಲದ ಚೌಕಗಳು ಬಂದರೆ ಉದ್ದಕ್ಕೆ ಲೆಕ್ಕ ಸಿಗುತ್ತದೆ: ಭುಜದಿಂದ ಕೆಳಗಿನವರೆಗೆ ಎಷ್ಟು ಚೌಕ ಅಂತ ನೋಡಿದವರು ಎಣಿಸಿಬಿಡಬಹುದು.

ಬಣ್ಣವನ್ನೂ ಟ್ಯೂಬ್‌ಲೈಟ್ ಕೆಳಗೆ ನೋಡಿದ್ದೆ. ಅಲ್ಲಿ ಕಡುವಾಗಿ ಕಂಡ ನೀಲಿ ಬಿಸಿಲಿಗೆ ಬಂದರೆ ನವಿಲು ನೀಲಿ. ಈಗ ಯಾವ ಅಂಗಡಿಗೆ ಹೋದರೂ ಥಾನು ಎತ್ತಿಕೊಂಡು ಬಾಗಿಲಿಗೆ ಬರುತ್ತೇನೆ. ಚಿಕ್ಕಪೇಟೆಯಲ್ಲಿ ಬೇಜಾರು ಮಾಡಿಕೊಳ್ಳುವುದಿಲ್ಲ, ಸೀರೆಗೆ ಎಲ್ಲರೂ ಹಾಗೇ ಮಾಡುತ್ತಾರಲ್ಲ. ಎರಡು ಮೂರು ಮೀಟರ್ ಬಿಚ್ಚಿಸಿ ಭುಜದ ಮೇಲೆ ಹಾಕಿಕೊಂಡು ದೂರದ ಕನ್ನಡಿಯಲ್ಲಿ ನೋಡಿದರೆ ಇನ್ನೂ ಒಳ್ಳೆಯದು.

ಹೊಲಿಗೆಯಲ್ಲೂ ಎಡವಟ್ಟಾಯಿತು. ಸಾದಾ ಬಟ್ಟೆಯಾದರೆ ನನ್ನ ಅಳತೆಗೆ ಎರಡು ಮೀಟರ್ ಸಾಕು. ದೊಡ್ಡ ಚೌಕಳಿಗೆ ಕಾಲು ಮೀಟರ್ ಆದರೂ ಹೆಚ್ಚಿಗೆ ಬೇಕು, ಗೆರೆಗೆ ಗೆರೆ ಕೂಡಿಸಬೇಕಲ್ಲ. ನಾನು ಎರಡೇ ತಂದೆ, ಮಾಸ್ಟರೂ ಸುಮ್ನೆ ತಗೊಂಡರು. ಟ್ರಯಲ್‌ಗೆ ಹೋದರೆ ಜೇಬಿನ ಮುಚ್ಚಳದ ಗೆರೆ ಒಂದು ಕಡೆ, ಕೋಟಿನ ಗೆರೆ ಅರ್ಧ ಇಂಚು ಆಚೆ. "ಯಾರು ನೋಡ್ತಾರೆ ಸಾರ್" ಅಂದರು. ಕೈ ಇಳಿಬಿಟ್ಟಾಗ ಎಲ್ಲರ ಕಣ್ಣು ಹೋಗುವುದೇ ಅಲ್ಲಿಗೆ. ಚೌಕಳಿ ಕೋಟು ಹೊಲಿಸುವವರು ನಾಲ್ಕು ಕಡೆ ನೋಡಿಕೊಳ್ಳಿ: ಜೇಬು, ತೋಳು ಎದೆಗೆ ಸೇರುವ ಕಡೆ, ಬೆನ್ನಿನ ನಡು ಹೊಲಿಗೆ, ಕಾಲರ್ ಬೆನ್ನಿಗೆ ಕೂರುವ ಕಡೆ. ಇವನ್ನು ಕೂಡಿಸಲಾಗದ ಟೈಲರ್ ಆದರೆ ಹೆರಿಂಗ್‌ಬೋನೋ ಹಾಪ್‌ಸ್ಯಾಕೋ ಕೊಡಿ. ಸಣ್ಣಪುಟ್ಟ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ.

ವಿಂಡೋಪೇನ್‌ಗೆ ಬಿದ್ದದ್ದು ಮೂರೇ ಗೆರೆ. ಒಂದು ಸಲ ಹಾಕಿದರೆ ತಿಂಗಳವರೆಗೂ ಜನ ನೆನಪಿಟ್ಟುಕೊಳ್ಳುತ್ತಾರೆ. ನೇವಿ ಹಾಪ್‌ಸ್ಯಾಕನ್ನು ವಾರಕ್ಕೆ ಎರಡು ದಿನ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದರ 31 ಗೆರೆಯಲ್ಲಿ ಅರ್ಧ ಈ ಒಂದು ಗುಣಕ್ಕೇ ಬಿದ್ದದ್ದು.

ಆರನೆಯ ಕೋಟು ಏನಾಯಿತು ಅಂತೀರಾ? ಟ್ವೀಡಿನ ಕಂದು ಬೇಕು, ಹಾಪ್‌ಸ್ಯಾಕಿನ ಗಾಳಿ ಬೇಕು. ಎರಡೂ ಸೇರಿದ ಬಟ್ಟೆ ಹುಡುಕುತ್ತಿದ್ದೇನೆ: ಕಡುಕಂದು ಹಾಪ್‌ಸ್ಯಾಕ್, ಅದರಲ್ಲಿ ಎರಡು ಬಣ್ಣದ ಎಳೆ ಕಲೆತಿರಬೇಕು. ಚಿಕ್ಕಪೇಟೆಯಲ್ಲಿ ಒಂದು ಕಡೆ ಉಲ್ಲನ್ ಲಿನನ್ ಮಿಶ್ರದ ಥಾನು ನೋಡಿ ಬಂದಿದ್ದೇನೆ. ಬಾಗಿಲಿಗೆ ತಂದಾಗ ಮೋಡ ಕವಿದಿತ್ತು. ಬಿಸಿಲಿರುವ ದಿನ ಮತ್ತೆ ಹೋಗಬೇಕು.

ವಿಂಡೋಪೇನನ್ನು ಅಕ್ಕನ ಮಗನಿಗೆ ಕೊಟ್ಟೆ. ಆರಡಿ ಉದ್ದದ ಕಡ್ಡಿ ಹುಡುಗ. ತೋಳು ಬಿಚ್ಚಿಸಿ ಇದ್ದಷ್ಟು ಬಟ್ಟೆ ಇಳಿಸಿಕೊಟ್ಟರೂ ಮಣಿಕಟ್ಟು ಕಾಣುತ್ತದೆ. ಕಾಲೇಜ್ ಡೇಗೆ ಕಪ್ಪು ಜೀನ್ಸ್ ಮೇಲೆ ಹಾಕಿಕೊಂಡು ಫೋಟೋ ಕಳಿಸಿದ. ಅದೇ ಕಿಟಕಿ, ಅದೇ ಸೊಟ್ಟ ಜೇಬು, ಅವನಿಗೆ ಬೆಂಕಿಯ ಹಾಗೆ ಒಪ್ಪಿದೆ. ಕೆಳಗೆ, "ಮಾಮಾ, ಆ ಬ್ರೌನ್ ಕೋಟು ಹಾಕ್ಕೋತೀಯಾ ನೀನು?" ಅಂತ ಬರೆದಿದ್ದ. ಹಾಕ್ಕೋತೀನಿ ಅಂತ ತಕ್ಷಣ ಉತ್ತರ ಕೊಟ್ಟೆ. ಹೊರಗೆ 33 ಡಿಗ್ರಿ ಇತ್ತು.