ಹಳೇ ಸೈಕ್ಲೋನ್ ಹುಡುಕೋಕೆ ಕೆಸರನ್ನು ಸುಡೋದಾ, ಸೋಸೋದಾ?

ಒಂದೇ ವಿಧಾನಕ್ಕೆ ದುಡ್ಡಿದ್ದರೆ ಜರಡಿ ಕೊಳ್ಳಿ. ಒಡಿಶಾದ ಚಿಲಿಕಾ ಸರೋವರದ ಕೆಸರಿನ ಮೇಲೆ ನಾಲ್ಕು ವಿಧಾನ ಮಾಡಿ ನೋಡಿದ ಮೇಲೆ ನನಗನ್ನಿಸಿದ್ದು ಇದು.

ಚಿಲಿಕಾಗೂ ಬಂಗಾಳ ಕೊಲ್ಲಿಗೂ ಮಧ್ಯೆ ಮರಳಿನ ದಂಡೆಯಿದೆ. ದೊಡ್ಡ ಸೈಕ್ಲೋನ್ ಬಂದಾಗ ಅಲೆ ಅದನ್ನು ದಾಟಿ ಮರಳನ್ನು ಒಳಗೆ ಎರಚುತ್ತದೆ. ಆಮೇಲೆ ಅದರ ಮೇಲೆ ಮತ್ತೆ ಕೆಸರು ಕೂರುತ್ತದೆ. ಪೈಪು ಇಳಿಸಿ ಕೆಸರೆತ್ತಿ ಆ ಮರಳಿನ ಪದರ ಹುಡುಕಬೇಕು.

ಸುಡುವುದು ಅಗ್ಗ. ಒಣಗಿಸಿದ ಕೆಸರನ್ನು ತೂಗಿ, 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟು, ಮತ್ತೆ ತೂಗಿದರೆ ಆಯ್ತು. ಕೊಳೆತ ಗಿಡ, ಪಾಚಿ ಉರಿದು ಹೋಗುತ್ತವೆ, ಮರಳು ಉಳಿಯುತ್ತದೆ. ತೂಕ ಅಷ್ಟಾಗಿ ಇಳಿಯದ ಕಡೆ ಮರಳಿರಬಹುದು. ಆದರೆ ದಯಾ, ಭಾರ್ಗವಿ ನದಿಗಳ ನೆರೆ ತರುವ ಹೂಳೂ ಹಾಗೇ ತೋರುತ್ತದೆ. ಗಾಳಿಯೋ ನೆರೆಯೋ, ಕುಲುಮೆಗೆ ಗೊತ್ತಾಗಲ್ಲ.

ಜರಡಿ ನಿಧಾನ, ಕೈ ನೋಯುತ್ತದೆ. 63 ಮೈಕ್ರಾನ್ ಜರಡಿಯ ಮೇಲೆ ಒಂದೊಂದು ಸೆಂಟಿಮೀಟರ್ ತುಂಡನ್ನೂ ನೀರು ಬಿಟ್ಟು ತೊಳೆಯಬೇಕು. ಮೊದಲು ಕೊಳೆತ ಮೊಟ್ಟೆ ವಾಸನೆಯ ಕಪ್ಪು ನೀರು. ಸಾಮಾನ್ಯ ಕೆಸರಾದರೆ ಜರಡಿಯಲ್ಲಿ ಏನೂ ಉಳಿಯಲ್ಲ ಅನ್ನಬಹುದು. ಮರಳಿನ ಪದರ ಸಿಕ್ಕರೆ ಗಾಜಿನಂಥ ಕಣ, ಒಡೆದ ಚಿಪ್ಪಿನ ಚೂರು, ನಡುವೆ ಕರಿ ಖನಿಜದ ಚುಕ್ಕೆ. ಅಂಕಿಗಿಂತ ಮೊದಲು ಕಣ್ಣೇ ಹೇಳುತ್ತದೆ. ಬ್ರಷ್ ಹಾಕಿ ಉಜ್ಜಬೇಡಿ, ಜಾಲರಿ ಹಾಳಾಗುತ್ತದೆ.

ಎಕ್ಸ್‌ಆರ್‌ಎಫ್ ಸ್ಕ್ಯಾನರ್, ಅಂದರೆ ಎಕ್ಸ್‌-ರೇ ಬಿಟ್ಟು ಕೆಸರಲ್ಲಿ ಯಾವ ಧಾತು ಎಷ್ಟಿದೆ ಅಂತ ನೋಡುವ ಯಂತ್ರ, ವೇಗದ ಕುದುರೆ, ಬಾಡಿಗೆಯೂ ಹಾಗೇ. ಪೈಪಿನಲ್ಲೆತ್ತಿದ ಕೆಸರಿನ ಕಂಬವನ್ನು (ಕೋರ್) ಸೀಳಿ ಇಟ್ಟರೆ ಅದರ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಓಡುತ್ತದೆ. ಕ್ಯಾಲ್ಸಿಯಂ, ಸ್ಟ್ರಾನ್ಶಿಯಂ ಏರಿದರೆ ಸಮುದ್ರದ ಚಿಪ್ಪು ಅಂತ ಖುಷಿಯಾಗುತ್ತೆ, ಅಲ್ವಾ? ಅಲ್ಲೇ ಬೆಳೆದ ಒಂದು ದಪ್ಪ ಚಿಪ್ಪು ಅಡ್ಡ ಸಿಕ್ಕರೂ ಅದೇ ಏರಿಕೆ.

ಮರಳು ಎಲ್ಲಿಂದ ಬಂತು ಅನ್ನೋದಕ್ಕೆ ಫೊರಾಮಿನಿಫೆರಾ ನೋಡಬೇಕು, ಅಂದರೆ ಚಿಪ್ಪಿರುವ ಕಣ್ಣಿಗೆ ಕಾಣದಷ್ಟು ಪುಟ್ಟ ಏಕಕೋಶ ಜೀವಿಗಳು. ಅವುಗಳಲ್ಲಿ ಅಮೋನಿಯಾ ಎಂಬ ಜಾತಿಯವು ಉಪ್ಪು-ಸಿಹಿ ಬೆರೆತ ನೀರಲ್ಲೂ ಬದುಕುತ್ತವೆ. ಗ್ಲೋಬಿಜೆರಿನಾದಂಥವು ತೆರೆದ ಕಡಲಲ್ಲಿ ತೇಲುವವು, ಅವು ಒಳಗೆ ಸಿಕ್ಕರೆ ಹೊರಗಿಂದಲೇ ಬಂದಿರಬೇಕು. ಮೈಕ್ರೋಸ್ಕೋಪ್ ಮುಂದೆ ಕತ್ತು ಹಿಡಿದುಹೋಗುತ್ತದೆ. ಹಾಗಾಗಿ ಜರಡಿ ತೋರಿಸಿದ ಪದರಕ್ಕಷ್ಟೇ ಇದನ್ನು ಮಾಡುತ್ತೇನೆ.

ಕಾಲ ತಿಳಿಯಲು ಮೇಲಿನ ಭಾಗಕ್ಕೆ ಸೀಸಿಯಂ-137 ಎಂಬ ವಿಕಿರಣ ಸೂಸುವ ಧಾತು ಸಾಕು. ಅಣುಬಾಂಬ್ ಪರೀಕ್ಷೆಗಳಿಂದ 1963ರ ಸುಮಾರಿಗೆ ಅದು ಗರಿಷ್ಠಕ್ಕೇರಿತ್ತು. ಆ ಗರಿಷ್ಠ ಕಂಡ ಪದರಕ್ಕಿಂತ ಮೇಲಿರುವವನ್ನು 1999ರ ಸೂಪರ್ ಸೈಕ್ಲೋನ್, 2013ರ ಫೈಲಿನ್, 2019ರ ಫನಿ ಜೊತೆ ಹೋಲಿಸಿ ನೋಡಬಹುದು.

ಆದರೆ 2000ರಲ್ಲಿ ಚಿಲಿಕಾಗೆ ಹೊಸ ಅಳಿವೆ ತೋಡಿದರು. ಅದರ ಆಸುಪಾಸಿನ ಮರಳನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಸಾಮಾನ್ಯ ಉಬ್ಬರವೇ ಅಲ್ಲಿ ಮರಳು ಹೊತ್ತು ತರುತ್ತದೆ.